ಹಿಮದ ಬೆಟ್ಟಕ್ಕೆ ಕಾರು ಓಡಿಸುವವರು ಯಾರು

ನಮ್ಮ ಮನೆಯಲ್ಲಿ ಯಾವ ಮಾತೂ ಒಂದೇ ಸಲಕ್ಕೆ ಇತ್ಯರ್ಥವಾದ ಚರಿತ್ರೆಯಿಲ್ಲ. ಹಾಲ್‌ನ ಗೋಡೆಗೆ ಯಾವ ಬಣ್ಣ ಎಂದು ಎಂಟು ತಿಂಗಳು ಚರ್ಚೆ ಮಾಡಿ, ಕೊನೆಗೆ ಮೊದಲಿದ್ದ ಬಣ್ಣವನ್ನೇ ಹೊಡೆಸಿ, ಅದೂ ಚೆನ್ನಾಗಿಲ್ಲ ಎಂದು ಒಬ್ಬರ ಮೇಲೊಬ್ಬರು ಮುನಿಸಿಕೊಂಡವರು ನಾವು. ಇಂಥವರು ಹಿಮದ ಬೆಟ್ಟಕ್ಕೆ ರಜೆ ಕಳೆಯಲು ಹೊರಟರೆ ಕೇಳಬೇಕೆ? ರೈಲಿನಲ್ಲಿ ಹೋಗುವುದೋ, ಕಾರಿನಲ್ಲೋ, ವಿಮಾನದಲ್ಲೋ ಎಂಬುದಕ್ಕೇ ಮೂರು ವಾರ ಹಿಡಿಯಿತು.

ಹಿಮದ ಆಸೆ ಹುಟ್ಟಿದ್ದು ನಮ್ಮ ಅತ್ತೆಗೆ. ಅವರು ಮೂವತ್ತೊಂದು ವರ್ಷ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಗಾಡಿ ಬಂತು ಯಾವುದು ಹೋಯಿತು ಎಂದು ಸಾರಿದವರು. ಪ್ರತಿ ಚಳಿಗಾಲ ಬೆಟ್ಟಕ್ಕೆ ಹೋಗುವ ವಿಶೇಷ ರೈಲು ಅವರ ಬಾಯಿಂದಲೇ ಹೊರಡಬೇಕಿತ್ತು. ಗಾಜಿನ ಕೋಣೆಯಿಂದ ನೋಡಿದರೆ ಜನ ಹಿಮದ ಮೇಲೆ ಜಾರುವ ಉದ್ದುದ್ದದ ಸ್ಕೀ ಹಲಗೆ ಹೆಗಲ ಮೇಲೆ ಹೊತ್ತು, ಬಣ್ಣಬಣ್ಣದ ಟೋಪಿ ಹಾಕಿಕೊಂಡು ನಗುತ್ತ ಹತ್ತುತ್ತಿದ್ದರಂತೆ. ವಾರ ಬಿಟ್ಟು ಅವರೇ ಕಾಲಿಗೆ ಪಟ್ಟಿ ಕಟ್ಟಿಕೊಂಡು, ಆಗಲೂ ನಗುತ್ತ ಇಳಿಯುತ್ತಿದ್ದರಂತೆ. "ಕಾಲು ಮುರ್ಕೊಂಡ್ರೂ ನಗ್ತಾರೆ ಅಂದ್ರೆ ಅಲ್ಲಿ ಏನೋ ಇರ್ಬೇಕು ಕಣೇ. ಅದೇನು ಅಂತ ಒಂದ್ಸಲ ನೋಡ್ಬಿಡ್ಬೇಕು" ಎನ್ನುತ್ತಿದ್ದರು ಅತ್ತೆ. ಅರವತ್ತೊಂಬತ್ತರ ಅವರಿಗೆ ತಾವೇ ಜಾರುವ ಹುಚ್ಚೇನಿರಲಿಲ್ಲ. ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು, ಬೇರೆಯವರು ಬೀಳುವುದನ್ನು ಕಣ್ತುಂಬ ನೋಡಬೇಕು, ಅಷ್ಟೆ.

ಬೀಳಲಿಕ್ಕೆ ನಾವು ಮೂವರಿದ್ದೆವು. ನಾನು, ನನ್ನ ಗಂಡ, ನನ್ನ ನಾದಿನಿ.

ನಾನು ಹಲ್ಲು ಮಾಡುವವಳು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಮನೆಯ ಕೆಳಗಿನ ಪುಟ್ಟ ಕೋಣೆಯಲ್ಲಿ ದೀಪದ ಕೆಳಗೆ ಕೂತು ಹಲ್ಲಿನ ಸೆಟ್ಟೋ ಕ್ಯಾಪೋ ತಯಾರಿಸಿ, ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸಿ ಕಳಿಸುತ್ತೇನೆ. ನಮಗೆ ಸ್ಕೀ ಹಲಗೆ ಎರವಲು ಕೊಟ್ಟದ್ದೂ ಒಬ್ಬ ದಂತವೈದ್ಯರೇ. "ಬಿದ್ರೆ ಮೂಳೆ ಜೋಪಾನ. ಹಲ್ಲಾದ್ರೆ ನಾವಿಬ್ರೂ ಸೇರಿ ನೋಡ್ಕೊಬಹುದು" ಎಂದು ಧೈರ್ಯ ತುಂಬಿ ಕಳಿಸಿದ್ದರು.

ನಾದಿನಿ ವಿಮಾನ ನಿಲ್ದಾಣದಲ್ಲಿ, ಕಳೆದುಹೋದ ಲಗೇಜಿನ ಕೌಂಟರಿನಲ್ಲಿ ಕೂರುತ್ತಾಳೆ. ದಿನಕ್ಕೆ ಎಂಟು ಗಂಟೆ ಬೈಸಿಕೊಳ್ಳುವುದೇ ಅವಳ ಕೆಲಸ. ಮನೆಗೆ ಬಂದ ಮೇಲೆ ಯಾರಾದರೂ ಸ್ವಲ್ಪ ದನಿ ಏರಿಸಿದರೂ "ನಿಮ್ಮ ದೂರನ್ನ ಬರ್ಕೊಂಡಿದೀನಿ" ಎಂದು ಹೇಳಿ ರೂಮಿಗೆ ಹೋಗಿಬಿಡುತ್ತಾಳೆ.

ಇನ್ನು ನನ್ನ ಗಂಡ. ಇಪ್ಪತ್ತೆರಡು ವರ್ಷದಿಂದ ಡ್ರೈವಿಂಗ್ ಶಾಲೆ ನಡೆಸುತ್ತಿದ್ದಾರೆ. ನಮ್ಮ ಬೀದಿಯಲ್ಲಿ ಕಾರು ಓಡಿಸುವ ಅರ್ಧ ಜನ ಅವರ ಶಿಷ್ಯರೇ, ಎಲ್ಲರ ಬಾಯಲ್ಲೂ ಅವರು "ಮೇಷ್ಟ್ರು". ಅವರ ಬಲಗಾಲಿಗೆ ಒಂದು ರೋಗವಿದೆ. ಶಾಲೆಯ ಕಾರಿನಲ್ಲಿ ಕಲಿಸುವವರ ಕಡೆಗೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ಒತ್ತಿ ಒತ್ತಿ ಆ ಕಾಲು ಈಗ ಎಲ್ಲಿ ಕೂತರೂ ಒತ್ತುತ್ತದೆ. ಸಿನಿಮಾದಲ್ಲಿ ಯಾರಾದರೂ ವೇಗವಾಗಿ ಓಡಿಸಿದರೆ ಮುಂದಿನ ಸೀಟಿನವರ ಬೆನ್ನಿಗೆ ಒದೆತ ಬೀಳುತ್ತದೆ. ಒಂದು ಸಲ ಅತ್ತೆ ಬೇಗಬೇಗ ಊಟ ಮಾಡುತ್ತಿದ್ದಾಗಲೂ ಮೇಜಿನ ಕೆಳಗೆ ಆ ಕಾಲು ಅಲ್ಲಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ನನ್ನ ಗುಟ್ಟು ಹೇಳಿಬಿಡಬೇಕು. ಇಲ್ಲದಿದ್ದರೆ ನಾನು ಮುಂದೆ ಆಡಿದ್ದೆಲ್ಲ ನಿಮಗೆ ಹುಚ್ಚಾಟ ಅನಿಸೀತು.

ಒಂಬತ್ತು ವರ್ಷದ ಕೆಳಗೆ ನನಗೂ ಕಾರು ಕಲಿಸಿ ಎಂದು ಕೇಳಿದ್ದೆ. ಭಾನುವಾರ ಬೆಳಿಗ್ಗೆ, ಮುಚ್ಚಿದ್ದ ತರಕಾರಿ ಮಾರುಕಟ್ಟೆಯ ಹಿಂದಿನ ಖಾಲಿ ಜಾಗ. ಮೂರನೇ ದಿನವೇ ಹಿಂದಕ್ಕೆ ತೆಗೆಯುವಾಗ ದೀಪದ ಕಂಬಕ್ಕೆ ಸವರಿದೆ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಅಲ್ಲಿಗೆ ಮುಗಿಸುತ್ತಿದ್ದೆ. ಮೆತ್ತಗಿನ ದನಿಯಲ್ಲಿ, ಕಾಯಿಲೆಯವರ ಹತ್ತಿರ ಮಾತಾಡುವ ಹಾಗೆ, "ಬಿಡು, ಎಲ್ಲರಿಗೂ ಇದು ಬರಲ್ಲ. ನಾನಿದೀನಲ್ಲ" ಎಂದರು. ಆಮೇಲೆ ಸೀಟು ಬದಲಿಸಿ ಮನೆಗೆ ಕರೆದುಕೊಂಡು ಬಂದರು. ಐದು ಕಂಬ ಬೀಳಿಸಿದವರಿಗೂ ಬೇಸರಿಸದೆ ಕಲಿಸಿದ ಮನುಷ್ಯ ನನ್ನನ್ನು ಅರ್ಧ ಕಂಬಕ್ಕೆ ಕೈಬಿಟ್ಟರು. ಆ ಮಾತು ಗಂಟಲಲ್ಲಿ ಸಿಕ್ಕಿಕೊಂಡದ್ದು ಇಳಿಯಲೇ ಇಲ್ಲ.

ಕಳೆದ ವರ್ಷ ನಾನು ಪಕ್ಕದ ಊರಿನ ಒಬ್ಬ ಹೆಂಗಸಿನ ಹತ್ತಿರ ಕಲಿಯಲು ಶುರು ಮಾಡಿದೆ. ಪ್ರತಿ ಮಂಗಳವಾರ ಬಸ್ಸು ಹತ್ತುವಾಗ "ಹಲ್ಲು ಕೊಟ್ಟು ಬರ್ತೀನಿ" ಎನ್ನುತ್ತಿದ್ದೆ. ನಾನು ಹೇಳಿದ ಲೆಕ್ಕದಲ್ಲಿ ಆ ಊರಿನವರಿಗೆಲ್ಲ ಎರಡೆರಡು ಸಾಲು ಹೆಚ್ಚಿಗೆ ಹಲ್ಲು ಇರಬೇಕು. ಮನೆಯಲ್ಲಿ ಒಬ್ಬರೂ ಅನುಮಾನಪಡಲಿಲ್ಲ. ಮೂರು ತಿಂಗಳ ಹಿಂದೆ ಲೈಸೆನ್ಸ್ ಬಂತು. ಅದನ್ನು ಕೆಲಸದ ಕೋಣೆಯಲ್ಲಿ, ಹಳೆಯ ದವಡೆ ಅಚ್ಚುಗಳ ಡಬ್ಬಿಯ ತಳದಲ್ಲಿ ಇಟ್ಟೆ. ಬೇರೆಯವರ ದವಡೆಗೆ ಕೈಹಾಕುವ ಧೈರ್ಯ ನಮ್ಮ ಮನೆಯಲ್ಲಿ ನನ್ನೊಬ್ಬಳಿಗೇ ಇರುವುದು.

ಯಾಕೆ ಬಚ್ಚಿಟ್ಟೆ? ಹೇಳಿದರೆ ಅವರು ಅದೇ ಮೆತ್ತಗಿನ ದನಿಯಲ್ಲಿ "ಹೌದಾ, ಒಳ್ಳೇದಾಯ್ತು" ಎಂದು ಪೇಪರ್ ಓದಲು ಕೂತರೆ ನನ್ನಿಂದ ತಡೆಯಲಾಗುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಒಂದೇ. ಅವರು ನನ್ನ ಪಕ್ಕದಲ್ಲಿ ಕೂರಬೇಕು, ನಾನು ಓಡಿಸಬೇಕು, ಅವರು ಆ ಮಾತನ್ನು ವಾಪಸ್ ತೆಗೆದುಕೊಳ್ಳಬೇಕು. ಆದರೆ ಅವರು ಪಕ್ಕದಲ್ಲಿ ಕೂತರೆ ನನ್ನ ಕೈ ನಡುಗದೆ ಇದ್ದೀತೆ ಎಂಬ ಭಯ ಬೇರೆ. ಮೂರು ತಿಂಗಳಿನಿಂದ ಆಸೆಯೂ ಭಯವೂ ಒಂದನ್ನೊಂದು ಎಳೆದಾಡುತ್ತಿದ್ದವು.

ಅದಕ್ಕೇ ಚರ್ಚೆ ಶುರುವಾದ ಭಾನುವಾರ, ಊಟದ ಮೇಜಿನಲ್ಲಿ ಎಲ್ಲರಿಗಿಂತ ಮೊದಲು ನಾನೇ ಬಾಯಿಬಿಟ್ಟೆ. "ವಿಮಾನದಲ್ಲಿ ಹೋಗೋಣ." ವಿಮಾನವಾದರೆ ಅವರೂ ಓಡಿಸುವಂತಿಲ್ಲ, ನಾನೂ ಓಡಿಸುವಂತಿಲ್ಲ. ಹೇಡಿತನಕ್ಕೆ ಅದಕ್ಕಿಂತ ಒಳ್ಳೆಯ ವಾಹನವಿಲ್ಲ.

ನಾದಿನಿ ಚಮಚ ಕೆಳಗಿಟ್ಟಳು. "ಅತ್ತಿಗೆ, ಸ್ಕೀ ಹಲಗೆ ಎಲ್ಲಿಗೆ ಹೋಗುತ್ತೆ ಗೊತ್ತಾ ನಿಮಗೆ?"

"ನಮ್ಮ ಜೊತೆ ಬರುತ್ತೆ."

"ಹಾಗಂತ ಎಲ್ಲರೂ ಅಂದ್ಕೊಂಡಿರ್ತಾರೆ. ಹೋದ ಚಳಿಗಾಲ ಒಬ್ಬರು ಸಮುದ್ರದ ದಡಕ್ಕೆ ಹೋದ್ರು, ಅವರಿಗೆ ಸಿಕ್ಕಿದ್ದು ಯಾರದೋ ಸ್ಕೀ. ಇನ್ನೊಬ್ಬರು ಬೆಟ್ಟಕ್ಕೆ ಹೋದ್ರು, ಅವರಿಗೆ ಬಂದಿದ್ದು ಈಜೋ ಬಟ್ಟೆ. ಇಬ್ಬರೂ ನನ್ನ ಕೌಂಟರಿಗೇ ಫೋನ್ ಮಾಡಿ ಬೈದ್ರು. ಆ ಹಲಗೆ ದಂತವೈದ್ಯರದ್ದು. ಕಳೆದುಹೋದ್ರೆ ನಿಮಗೆ ಕೆಲಸ ಕೊಡೋರು ಯಾರು?"

ವಿಮಾನ ಅಲ್ಲಿಗೆ ನೆಲ ಕಚ್ಚಿತು. ತಮ್ಮ ಕೆಲಸದ ಒಳಗುಟ್ಟು ತಿಳಿದವರು ಅದನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ ಎಂಬುದು ನನಗೆ ಹೊಳೆಯಬೇಕಿತ್ತು. ನಾನೂ ನನ್ನ ಸ್ವಂತ ಹಲ್ಲನ್ನು ಕೀಳಿಸಲು ಇವತ್ತಿಗೂ ಒಪ್ಪಿಲ್ಲ.

"ರೈಲು" ಎಂದರು ಅತ್ತೆ. ಅವರ ಮಟ್ಟಿಗೆ ಅದರಲ್ಲಿ ಚರ್ಚೆಯೇ ಇರಲಿಲ್ಲ. ಅಷ್ಟು ವರ್ಷ ಬೇರೆಯವರನ್ನು ಹತ್ತಿಸಿ ಕಳಿಸಿದ ಗಾಡಿಗೆ ತಾವು ಒಂದು ಸಲ ಹತ್ತಬೇಕು ಎಂದು ಅವರಿಗೆ.

ನನ್ನ ಗಂಡ ಮೇಜು ತಟ್ಟಿ ಅನುಮೋದಿಸಿದರು. "ರೈಲೇ ಸರಿ. ವರ್ಷವಿಡೀ ಕಾರಲ್ಲೇ ಬಿದ್ದಿರ್ತೀನಿ. ಒಂದು ವಾರ ಆದ್ರೂ ಆ ಸ್ಟೀರಿಂಗ್ ನನ್ನ ಕಣ್ಣಿಗೆ ಬೀಳೋದು ಬೇಡ." ಹೇಳುತ್ತ ಅವರು ಬಲ ಮೊಣಕಾಲನ್ನು ಒತ್ತಿಕೊಂಡದ್ದನ್ನು ನಾನು ನೋಡಿದೆ. ಆ ಮೊಣಕಾಲು ಈಚೆಗೆ ಸಂಜೆಯಾದರೆ ಊದುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ಅಯ್ಯೋ ಅನಿಸಿತು. ಸಿಟ್ಟಿರುವ ಗಂಡನ ಮೇಲೆ ಅಯ್ಯೋ ಅನಿಸುವುದಕ್ಕಿಂತ ಕಿರಿಕಿರಿ ಇನ್ನೊಂದಿಲ್ಲ.

ರೈಲಿನಲ್ಲಿ ಒಂದೇ ತೊಡಕು. ನಡುವೆ, ಅತ್ತೆ ಕೆಲಸ ಮಾಡಿದ್ದ ಜಂಕ್ಷನ್‌ನಲ್ಲಿ ಗಾಡಿ ಬದಲಿಸಬೇಕು. ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಇಳಿದು, ಸೇತುವೆ ಹತ್ತಿ ಇಳಿದು, ಆರನೆಯದಕ್ಕೆ ಹೋಗಬೇಕು. ಸಮಯ ಏಳು ನಿಮಿಷ. ಅದು ತಪ್ಪಿದರೆ ಬೆಟ್ಟಕ್ಕೆ ಮುಂದಿನ ಗಾಡಿ ಮಾರನೆಯ ಬೆಳಿಗ್ಗೆ. ಬೇರೆ ಯಾರೇ ಆಗಿದ್ದರೂ ನೋಡೋಣ ಬಿಡು ಎಂದು ಟಿಕೆಟ್ ತೆಗೆಸುತ್ತಿದ್ದರು. ಆದರೆ ನಮ್ಮಲ್ಲಿ ಒಬ್ಬರು ರೈಲಿನ ವೇಳೆ ಸಾರಿದವರು, ಒಬ್ಬರು ಪರೀಕ್ಷೆಗೆ ಮುಂಚೆ ನೂರು ಸಲ ಅಭ್ಯಾಸ ಮಾಡಿಸುವವರು. ತಾಯಿಮಗ ಸೇರಿ ತಾಲೀಮು ನಡೆಸಲು ನಿರ್ಧರಿಸಿದರು, ಅದೂ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ.

"ಸೇತುವೆಗೆ ನಲವತ್ತೆರಡು ಮೆಟ್ಟಿಲು" ಎಂದರು ಅತ್ತೆ. ಅವರಿಗೆ ಎಲ್ಲ ನಿಲ್ದಾಣದ ಮೆಟ್ಟಿಲೂ ಬಾಯಿಪಾಠ. ನಾದಿನಿ ಹೋಗಿ ಎಣಿಸಿ ಬಂದಳು. ಕೆಳಗಿನ ಅಂಚೆಪೆಟ್ಟಿಗೆಗಳಿಂದ ಎರಡನೇ ಮಹಡಿಗೆ ನಲವತ್ತು. "ಎರಡು ಕಮ್ಮಿ ಇದೆ, ಆದ್ರೆ ತಿರುವು ಹೆಚ್ಚಿದೆ, ಸರಿಹೋಗುತ್ತೆ" ಎಂದು ಅತ್ತೆ ಒಪ್ಪಿಗೆ ಕೊಟ್ಟರು. ಅಂಚೆಪೆಟ್ಟಿಗೆ ಒಂದನೇ ಪ್ಲಾಟ್‌ಫಾರ್ಮ್. ಎರಡನೇ ಮಹಡಿ ಸೇತುವೆಯ ತುದಿ. ಅಲ್ಲಿಂದ ಮತ್ತೆ ಇಳಿದು ಬಂದರೆ ಸೈಕಲ್ ನಿಲ್ಲಿಸುವ ಜಾಗವೇ ಆರನೇ ಪ್ಲಾಟ್‌ಫಾರ್ಮ್.

ಶನಿವಾರ ಮಧ್ಯಾಹ್ನ ನಾವು ನಿಜವಾಗಿಯೂ ಹೊರಟ ಹಾಗೆಯೇ ಸಜ್ಜಾದೆವು. ನಾಲ್ಕು ಸೂಟ್‌ಕೇಸು, ಮೂರು ಜೊತೆ ಸ್ಕೀ, ಊಟದ ಬುಟ್ಟಿ, ಅತ್ತೆಯ ಮಡಚುವ ಕುರ್ಚಿ. ಸ್ಕೀ ಬೂಟು ಯಾವ ಪೆಟ್ಟಿಗೆಯಲ್ಲೂ ಹಿಡಿಸಲಿಲ್ಲ. "ಕೈಲಿ ಹೊರೋದಕ್ಕಿಂತ ಕಾಲಿಗೆ ಹಾಕ್ಕೊಳ್ಳೋದು ಹಗುರ" ಎಂದು ನನ್ನ ಗಂಡ ತಮ್ಮದನ್ನು ಹಾಕಿಕೊಂಡೇ ಬಂದರು. ಹೊಸದಾಗಿ ಲಾಳ ಹೊಡೆಸಿಕೊಂಡ ಕುದುರೆಯ ಹಾಗೆ ಕಟಕಟ ಸದ್ದು ಮಾಡುತ್ತ ಅಂಚೆಪೆಟ್ಟಿಗೆಗಳ ಮುಂದೆ ನಿಂತರು. ಸದ್ದಿಗೆ ಮೊದಲ ಮಹಡಿಯ ಹೊಲಿಗೆಯಾಕೆ ಬಾಗಿಲು ತೆರೆದು, ಕೊರಳಲ್ಲಿ ಅಳತೆಪಟ್ಟಿ ನೇತುಬಿಟ್ಟುಕೊಂಡೇ "ಮನೆ ಖಾಲಿ ಮಾಡ್ತಿದೀರಾ?" ಎಂದರು.

"ಇಲ್ಲಮ್ಮ, ರೈಲು ಹಿಡೀತಿದೀವಿ. ನೀವು ಮೆಟ್ಟಿಲ ಮಧ್ಯ ನಿಂತ್ಕೊಳ್ಳಿ. ಜಂಕ್ಷನ್‌ನಲ್ಲಿ ಜನ ಅಡ್ಡ ಇರ್ತಾರೆ" ಎಂದರು ಅತ್ತೆ. ಹೊಲಿಗೆಯಾಕೆ ಮರುಮಾತಿಲ್ಲದೆ ಬಂದು ಅಡ್ಡ ನಿಂತರು. ಕೊಟ್ಟ ಪಾತ್ರವನ್ನು ಅವರಷ್ಟು ನಿಷ್ಠೆಯಿಂದ ಮಾಡಿದವರು ಅವತ್ತು ಇನ್ಯಾರೂ ಇಲ್ಲ.

ಅತ್ತೆ ಗಂಟಲು ಸರಿಮಾಡಿಕೊಂಡರು. "ದಯವಿಟ್ಟು ಗಮನಿಸಿ. ಬೆಟ್ಟಕ್ಕೆ ಹೋಗುವ ಗಾಡಿ ಆರನೇ ಪ್ಲಾಟ್‌ಫಾರ್ಮಿನಿಂದ ಏಳು ನಿಮಿಷದಲ್ಲಿ ಹೊರಡಲಿದೆ." ಎಂಥ ದನಿ ಅದು! ಇಡೀ ಕಟ್ಟಡ ಮೌನವಾಯಿತು. ಮೂರನೇ ಮಹಡಿಯಲ್ಲಿ ಯಾರೋ ಗಡಿಬಿಡಿಯಿಂದ ಬಾಗಿಲು ಹಾಕಿದರು.

ಓಡಿದೆವು. ಮೊದಲ ತಿರುವಿನಲ್ಲೇ ನನ್ನ ಹೆಗಲ ಮೇಲಿನ ಸ್ಕೀ ಕಂಬಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ತಿರುಗಿದರೆ ಹಿಂದಿನ ತುದಿ ಗಂಡನ ಟೋಪಿಯನ್ನು ಹಾರಿಸಿತು. ಅವರು ಟೋಪಿ ಹಿಡಿಯಲು ಬಗ್ಗಿದರೆ ಬೂಟು ಬಗ್ಗಲಿಲ್ಲ. ನಾದಿನಿಯ ಸೂಟ್‌ಕೇಸು ಕೈತಪ್ಪಿ ದಡದಡ ಕೆಳಗಿಳಿದು, ಅದೊಂದು ಮಾತ್ರ ಸಮಯಕ್ಕೆ ಮುಂಚೆ ಆರನೇ ಪ್ಲಾಟ್‌ಫಾರ್ಮ್ ತಲುಪಿತು. "ನೋಡಿ, ಲಗೇಜು ಯಾವಾಗ್ಲೂ ಬೇರೆ ಕಡೆಗೇ ಹೋಗೋದು" ಎಂದು ಅವಳು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಾವು ಸೇತುವೆಯ ತುದಿ ಮುಟ್ಟುವ ಹೊತ್ತಿಗೆ ಕೆಳಗಿನಿಂದ ಗಾಡಿ ಹೊರಟಿತು ಎಂಬ ಪ್ರಕಟಣೆ ಕೇಳಿಸಿತು. ಪೂರ್ತಿ ಮುಗಿಸಲು ಹತ್ತೊಂಬತ್ತು ನಿಮಿಷ ಬೇಕಾಯಿತು.

"ಹಲಗೆ ಕಮ್ಮಿ ಮಾಡಿದ್ರೆ ಹದಿನಾಲ್ಕಕ್ಕೆ ತರಬಹುದು" ಎಂದರು ನನ್ನ ಗಂಡ, ಏದುಸಿರು ಬಿಡುತ್ತ.

ನಾದಿನಿ ಕಣ್ಣೊರೆಸಿಕೊಂಡು ಕೇಳಿದಳು. "ಅದಿರ್ಲಿ. ಅಮ್ಮಾ, ನೀನು ಹತ್ತಲೇ ಇಲ್ವಲ್ಲ? ನೀನೂ ಬರ್ಬೇಕಲ್ವಾ?"

ಅದು ಯಾರಿಗೂ ತೋಚಿರಲಿಲ್ಲ, ಅತ್ತೆಗೂ. ಜೀವಮಾನವಿಡೀ ಕಳಿಸಿಕೊಟ್ಟವರು, ತಾವೂ ಹೋಗುವವರಲ್ಲಿ ಒಬ್ಬರು ಎಂಬುದನ್ನೇ ಮರೆತಿದ್ದರು. "ಅದೇನು ಮಹಾ" ಎಂದು ಕಂಬಿ ಹಿಡಿದು ಹತ್ತಲು ಶುರು ಮಾಡಿದರು. ಹನ್ನೆರಡು ಮೆಟ್ಟಿಲಾದ ಮೇಲೆ ಹೊಲಿಗೆಯಾಕೆಯ ಕೈ ಹಿಡಿದುಕೊಂಡು ಅಲ್ಲೇ ಕೂತರು. ಆಮೇಲೆ ಮೈಕಿನದಲ್ಲದ, ಬರೀ ಮುದುಕಿಯ ದನಿಯಲ್ಲಿ ಹೇಳಿದರು. "ನನ್ನ ಗಾಡಿ ನಂಗೇ ಸಿಗಲ್ಲ ಅಂತಾಯ್ತು. ಬಿಡ್ರೋ. ನೀವು ಹೋಗ್ಬನ್ನಿ. ಫೋಟೋ ತೋರಿಸಿದ್ರೆ ಸಾಕು."

ನನ್ನ ಗಂಡ ಬೂಟಿನ ಕಾಲಲ್ಲೇ ಕಟಕಟ ಹತ್ತಿ ಹೋಗಿ ತಾಯಿಯ ಪಕ್ಕ ಕೂತರು. "ನೀನಿಲ್ದೆ ಯಾರು ಹೋಗ್ತಾರಮ್ಮ? ಕಾರಲ್ಲಿ ಹೋಗೋಣ. ಬಾಗಿಲಿಂದ ಬಾಗಿಲಿಗೆ, ಒಂದೂ ಮೆಟ್ಟಿಲಿಲ್ಲ. ನಾನೇ ಓಡಿಸ್ತೀನಿ." ಎಂದು ಹೇಳಿ ಮೊಣಕಾಲು ನೀವಿಕೊಂಡರು. "ನನ್ನ ಬಿಟ್ರೆ ಈ ಮನೇಲಿ ಓಡಿಸೋರು ಇನ್ಯಾರಿದ್ದಾರೆ?"

ಚುಚ್ಚಿ ಆಡಿದ ಮಾತಲ್ಲ ಅದು. ನಾಳೆ ಭಾನುವಾರ ಎನ್ನುವಷ್ಟು ಸಹಜವಾಗಿ ಹೇಳಿದರು. ನನಗೆ ಮೈ ಉರಿಯಿತು. ಅದರ ಜೊತೆಗೇ ಆ ಊದಿದ ಮೊಣಕಾಲು ಕಾಣುತ್ತಿತ್ತು, ಅತ್ತೆಯ ಬಾಡಿದ ಮುಖ ಕಾಣುತ್ತಿತ್ತು. ಹೆಗಲ ಮೇಲೆ ಎರಡು ಸ್ಕೀ ಹೊತ್ತುಕೊಂಡು, ಬೆವರು ಇಳಿಸಿಕೊಂಡು ನಿಂತಿದ್ದ ನಾನು ಬಾಯಿಬಿಟ್ಟೇಬಿಟ್ಟೆ.

"ನಾನಿದೀನಿ. ನಾನು ಓಡಿಸ್ತೀನಿ."

ಎಲ್ಲರೂ ನನ್ನತ್ತ ತಿರುಗಿದರು. "ನಂಗೆ ಲೈಸೆನ್ಸ್ ಬಂದು ಮೂರು ತಿಂಗಳಾಯ್ತು. ಒಂದೇ ಸಲಕ್ಕೆ ಪಾಸಾದೆ."

ಹೊಲಿಗೆಯಾಕೆ ಚಪ್ಪಾಳೆ ತಟ್ಟಲು ಹೋಗಿ, ಇನ್ಯಾರೂ ತಟ್ಟದ್ದನ್ನು ನೋಡಿ ಕೈ ಕೆಳಗಿಳಿಸಿದರು.

"ಯಾರ ಹತ್ರ ಕಲಿತೆ?" ಎಂದರು ನನ್ನ ಗಂಡ. ಹೇಳಿದೆ. "ಆಯಮ್ಮನಾ? ಅವಳು ಕನ್ನಡಿ ನೋಡೋದು ಸರಿಯಾಗಿ ಹೇಳ್ಕೊಡಲ್ಲ" ಎಂದರು. ಗಂಡನಾಗಿ ಏನನಿಸಿತೋ ಗೊತ್ತಿಲ್ಲ, ಮೇಷ್ಟರಾಗಿ ಮಾತ್ರ ಪೆಟ್ಟು ಬಿದ್ದಿತ್ತು. "ಕಲಿಯೋದಿದ್ರೆ ನನ್ನ ಕೇಳ್ಬಹುದಿತ್ತಲ್ಲ?"

"ಕೇಳಿದ್ದೆ. ಕಂಬಕ್ಕೆ ಸವರಿದ ದಿನ ಎಲ್ಲರಿಗೂ ಇದು ಬರಲ್ಲ, ಬಿಡು ಅಂದ್ರಿ."

"ನಾನಾ? ಹಾಗಂದೆನಾ?" ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು, ನಾಟಕವಲ್ಲ. ಅವರಿಗೆ ಕಂಬವೂ ನೆನಪಿರಲಿಲ್ಲ, ಮಾತೂ ನೆನಪಿರಲಿಲ್ಲ. ಒಂಬತ್ತು ವರ್ಷ ನಾನು ದಿನಾ ಮಗ್ಗಿಯ ಹಾಗೆ ಹೇಳಿಕೊಂಡ ಮಾತು ಅವರ ತಲೆಯಲ್ಲಿ ಒಂದು ದಿನವೂ ಉಳಿದಿರಲಿಲ್ಲ. ಆಡಿದ್ದೇ ನೆನಪಿಲ್ಲದ ಮಾತನ್ನು ವಾಪಸ್ ತಗೊಳ್ಳಿ ಎಂದು ಹೇಗೆ ಕೇಳುವುದು? ನನಗೆ ಅಳು ಬಂದುಬಿಟ್ಟಿತು. ಸ್ಕೀ ಹೊತ್ತವರು ಅಳಬಾರದು, ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರುವುದಿಲ್ಲ.

ಅತ್ತೆ ಕಂಬಿ ಹಿಡಿದು ಎದ್ದರು. "ಕಾರು. ಇವಳು ಓಡಿಸ್ತಾಳೆ. ಚರ್ಚೆ ಮುಗೀತು" ಎಂದರು. ನಮ್ಮ ಮನೆಯ ಇತಿಹಾಸದಲ್ಲೇ ಅದು ಅತಿ ಚಿಕ್ಕ ತೀರ್ಮಾನ.

ಮುಗಿಯಿತು ಎಂದರೆ ಮುಗಿಯುತ್ತದೆಯೇ? ಹೊರಡುವ ಹಿಂದಿನ ದಿನ ನನ್ನ ಗಂಡ ಹಲ್ಲಿನ ಕೋಣೆಗೆ ಬಂದು, ಬಾಗಿಲಲ್ಲೇ ನಿಂತು, ಒಂದು ದವಡೆಯ ಅಚ್ಚನ್ನು ಕೈಗೆತ್ತಿಕೊಂಡು ತಿರುಗಿಸುತ್ತ ಹೇಳಿದರು. "ನಮ್ಮ ಕಾರು ಬೇಡ, ಶಾಲೆಯದ್ದು ತಗೊಂಡು ಹೋಗೋಣ. ಅದರಲ್ಲಿ ನನ್ನ ಕಡೇನೂ ಬ್ರೇಕ್ ಇದೆ. ಸುಮ್ನೆ, ಜೋಪಾನಕ್ಕೆ."

"ಆ ಕಾರು ಬಂದ್ರೆ ನಾನು ವಿಮಾನದಲ್ಲಿ ಹೋಗ್ತೀನಿ. ಒಬ್ಬಳೇ. ಈಜೋ ಬಟ್ಟೆ ಹಾಕ್ಕೊಂಡು ಹಿಮದಲ್ಲಿ ನಿಂತಿರ್ತೀನಿ."

"ಅಲ್ಲ ಕಣೆ, ಬೆಟ್ಟದ ದಾರಿ—"

"ನಿಮ್ಮ ಬ್ರೇಕಿನ ಮೇಲೆ ನಾನು ಬೆಟ್ಟ ಹತ್ತಲ್ಲ. ಆ ದವಡೆ ಕೆಳಗಿಡಿ, ಅದು ಇವತ್ತೇ ಹೋಗ್ಬೇಕು."

ದವಡೆ ಕೆಳಗಿಟ್ಟು ಹೋದರು.

ಹೀಗೆ ನಮ್ಮ ಮನೆಯ ಹಳೆಯ ಸಣ್ಣ ಕಾರಿನಲ್ಲೇ, ಚಾವಣಿಗೆ ಸ್ಕೀ ಕಟ್ಟಿಕೊಂಡು, ಬೆಳಿಗ್ಗೆ ಆರೂವರೆಗೆ ಹೊರಟೆವು. ಅತ್ತೆ, ನಾದಿನಿ, ಊಟದ ಬುಟ್ಟಿ ಹಿಂದೆ. ನನ್ನ ಪಕ್ಕ ಮೇಷ್ಟ್ರು. ಅವರು ಕೂರುವ ಮುಂಚೆ ಬೂಟು ಬಿಚ್ಚಿ, ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡು, ಚಕ್ಕಳಮಕ್ಕಳ ಹಾಕಿ ಕೂತರು. "ಹೀಗೆ ಕೂತ್ರೆ ಒತ್ತಲ್ಲ" ಎಂದರು, ನನ್ನ ಕಡೆ ನೋಡದೆ. ನನ್ನ ಸಿಟ್ಟು ಅಲ್ಲೇ ಒಂದು ಹಿಡಿ ಕರಗಿತು. ಆದರೂ ತೋರಿಸಿಕೊಳ್ಳಲಿಲ್ಲ.

ಬಯಲಿನ ದಾರಿಯಲ್ಲಿ ಎಲ್ಲ ಸುಸೂತ್ರ. ಊರು ಬಂದಾಗಲೆಲ್ಲ ಅತ್ತೆ ಹಿಂದಿನಿಂದ "ಈ ನಿಲ್ದಾಣದಲ್ಲಿ ಗಾಡಿ ನಿಲ್ಲುವುದಿಲ್ಲ" ಎಂದು ಸಾರುತ್ತಿದ್ದರು. ನನ್ನ ಗಂಡ ಮಾತಾಡಲಿಲ್ಲ. ಆದರೆ ಅವರು ಉಸಿರೆಳೆದುಕೊಳ್ಳುವ ಬಗೆಯಲ್ಲೇ ನನಗೆ ಎಲ್ಲ ಗೊತ್ತಾಗುತ್ತಿತ್ತು. ಸಣ್ಣ ಉಸಿರಾದರೆ ಮುಂದಿನ ಗಾಡಿಗೆ ಹತ್ತಿರ ಹೋಗಿದ್ದೇನೆ, ದೊಡ್ಡದಾದರೆ ಗೇರ್ ಬದಲಿಸಬೇಕಿತ್ತು.

ಬೆಟ್ಟದ ಬುಡದಲ್ಲಿ ಹಿಮ ಶುರುವಾಯಿತು. ಜಾರದಂತೆ ಚಕ್ರಕ್ಕೆ ಸರಪಳಿ ಕಟ್ಟಿಸಿಕೊಂಡು ಹತ್ತಿದೆವು. ಅರ್ಧ ದಾರಿ ಹೋದ ಮೇಲೆ, ಕಡಿದಾದ ಒಂದು ತಿರುವಿನ ಕೆಳಗೆ, ಮುಂದಿದ್ದ ಲಾರಿ ನಿಂತುಬಿಟ್ಟಿತು. ನಾನೂ ನಿಲ್ಲಿಸಬೇಕಾಯಿತು. ಲಾರಿ ಗುರುಗುಟ್ಟುತ್ತ ಹೇಗೋ ಮುಂದೆ ಹೋಯಿತು. ಈಗ ನಾನು ಆ ಏರಿನಲ್ಲಿ, ಹಿಮದ ಮೇಲೆ, ನಿಂತಲ್ಲಿಂದ ಕಾರು ಎತ್ತಬೇಕು. ಹಿಂದೆ ಒಂದು ಬಸ್ಸು.

ಎತ್ತಿದೆ. ಎಂಜಿನ್ ಆಫ್ ಆಯಿತು. ಮತ್ತೆ ಎತ್ತಿದೆ. ಚಕ್ರ ಗಿರ್ರೆಂದು ತಿರುಗಿ, ಕಾರು ಒಂದು ಗೇಣು ಹಿಂದಕ್ಕೆ ಜಾರಿ, ಮತ್ತೆ ಆಫ್. ಹ್ಯಾಂಡ್‌ಬ್ರೇಕ್ ಎಳೆದು ಹಿಡಿದುಕೊಂಡೆ. ಬಸ್ಸು ಹಾರ್ನ್ ಹೊಡೆಯಿತು. ನನ್ನ ಕೈ ನಡುಗಲು ಶುರುವಾಯಿತು. ಪಕ್ಕದಲ್ಲಿ ಒಂದು ದೊಡ್ಡ ಉಸಿರು ಒಳಗೆ ಹೋದದ್ದು ಕೇಳಿಸಿತು.

"ಏನೂ ಹೇಳ್ಬೇಡಿ" ಎಂದೆ.

"ಹೇಳಲ್ಲ."

"ಸೀಟು ಬದಲಾಯಿಸೋಣ ಅಂತೀರಾ?"

ಅವರು ನನ್ನ ಮುಖ ನೋಡಿದರು. ಆಮೇಲೆ ಕಾಲು ಕೆಳಗಿಳಿಸಿ ಬೂಟು ಹಾಕಿಕೊಳ್ಳತೊಡಗಿದರು. ಮುಗಿಯಿತು, ಈಗ ಈ ಕಡೆ ಬಂದು ಬಾಗಿಲು ತೆಗೆಯುತ್ತಾರೆ, ಮತ್ತೆ ಅದೇ ಮೆತ್ತಗಿನ ದನಿ ಎಂದುಕೊಂಡೆ.

"ನಾನಿಲ್ಲಿ ಕೂತಿದ್ರೆ ನಿನ್ನ ಗಮನ ಎಲ್ಲಾ ನನ್ನ ಮೇಲೇ ಇರುತ್ತೆ" ಎಂದರು. "ನಾನು ತಿರುವಿನ ಮೇಲೆ ನಿಂತಿರ್ತೀನಿ. ನೀನು ತಗೊಂಡು ಬಾ."

ಇಳಿದು, ಮೊದಲು ಬಸ್ಸಿನವನಿಗೆ ಕೈ ತೋರಿಸಿ ದೂರ ನಿಲ್ಲಿಸಿದರು. ಆಮೇಲೆ ಹಿಮದಲ್ಲಿ ಕಾಲೆಳೆಯುತ್ತ ಏರು ಹತ್ತಿ ಹೋದರು. ಒಂದು ಸಲವೂ ಹಿಂದಿರುಗಿ ನೋಡಲಿಲ್ಲ. ತಿರುವಿನ ತುದಿಯಲ್ಲಿ ನಮಗೆ ಬೆನ್ನು ಮಾಡಿ, ಕೈಗಳನ್ನು ಜೇಬಿನಲ್ಲಿಟ್ಟು, ಬೆಟ್ಟ ನೋಡುತ್ತ ನಿಂತರು. ಕಲಿಯುವವರ ಮೇಲಿಂದ ಒಂದು ಕ್ಷಣವೂ ಕಣ್ಣು ತೆಗೆಯದ ಮನುಷ್ಯ ಬೇಕೆಂದೇ ಬೆನ್ನು ಹಾಕಿ ನಿಂತಿದ್ದರು.

ನಾನು ಒಂದು ನಿಮಿಷ ಸುಮ್ಮನೆ ಕೂತೆ. ಕೈ ನಡುಕ ನಿಂತಿತು. ಮೂರನೇ ಸಲ ಅರ್ಧ ಕ್ಲಚ್ ಹಿಡಿದು, ಕಾರು ಮುಂದಕ್ಕೆ ಮಿಸುಕಿದ್ದು ಕಾಲಿಗೆ ತಿಳಿದ ಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿದೆ. ಸರಪಳಿ ಹಿಮವನ್ನು ಕಚ್ಚಿತು. ನಿಧಾನವಾಗಿ, ಒಂದೂ ಸಲ ಮುಗ್ಗರಿಸದೆ, ಕಾರು ಏರು ಹತ್ತಿ ಅವರ ಪಕ್ಕಕ್ಕೆ ಬಂದು ನಿಂತಿತು. ನಾದಿನಿ ಹಿಂದಿನಿಂದ ನನ್ನ ಹೆಗಲನ್ನು ಹಿಡಿದು ಅಲ್ಲಾಡಿಸಿಬಿಟ್ಟಳು.

ಅವರು ಒಳಗೆ ಬಂದು ಕೂತು, ಕೈ ಉಜ್ಜಿಕೊಂಡರು. ಸ್ವಲ್ಪ ದೂರ ಹೋದ ಮೇಲೆ ಕೆಮ್ಮಿದರು.

"ಎಷ್ಟು ಯೋಚಿಸಿದ್ರೂ ಆ ಕಂಬ ನೆನಪಾಗ್ತಿಲ್ಲ ಕಣೆ. ಆದ್ರೆ ನೀನು ಅಂದ ಮೇಲೆ ಅಂದೇ ಇರ್ತೀನಿ. ತಪ್ಪು ಮಾತಾಡ್ದೆ. ನಿಂಗೆ ಬರುತ್ತೆ. ಆವತ್ತೂ ಬರ್ತಿತ್ತು. ನನಗೇ ತಾಳ್ಮೆ ಇರಲಿಲ್ಲ."

ಅಕ್ಷರಕ್ಷರವೂ ಕೇಳಿಸಿತ್ತು. ಆದರೂ "ಏನಂದ್ರಿ? ಸರಪಳಿ ಸದ್ದಿಗೆ ಕೇಳಿಸ್ಲಿಲ್ಲ" ಎಂದೆ.

ಅವರು ಬಾಯಿ ತೆರೆಯುವ ಮುಂಚೆ ಹಿಂದಿನಿಂದ 'ಆ ದನಿ' ಹೊರಟಿತು. "ದಯವಿಟ್ಟು ಗಮನಿಸಿ. ಒಂಬತ್ತು ವರ್ಷ ತಡವಾಗಿ ಬರುತ್ತಿರುವ ಕ್ಷಮಾಪಣೆ ಈಗಷ್ಟೇ ಬಂದು ಸೇರಿದೆ. ವಿಳಂಬಕ್ಕಾಗಿ ಇವನ ತಾಯಿ ವಿಷಾದಿಸುತ್ತಾಳೆ."

ನಾವು ನಾಲ್ವರೂ ನಕ್ಕ ನಗುವಿಗೆ ಕಿಟಕಿಯ ಗಾಜು ಮಂಜಾಯಿತು. ನಾನು ಕೈ ಚಾಚಿ ನನ್ನ ಕಡೆಯದನ್ನು ಒರೆಸಿಕೊಂಡೆ. ಕಣ್ಣನ್ನೂ ಒರೆಸಿಕೊಂಡೆ. ಈ ಸಲ ಒಂದು ಕೈ ಖಾಲಿಯಿತ್ತು.

ಇನ್ನೂ ಮುಕ್ಕಾಲು ಗಂಟೆ ದಾರಿಯಿತ್ತು. ಒಂದು ತಿರುವಿನಲ್ಲಿ ಮೋಡ ಸರಿದು ಇಡೀ ಬೆಟ್ಟ ಕಣ್ಣಿಗೆ ಬಿತ್ತು. ಬಿಳಿಯ ಇಳಿಜಾರಿನ ಮೇಲೆ ಚುಕ್ಕೆಚುಕ್ಕೆಯಾಗಿ ಜನ ಜಾರುತ್ತಿದ್ದರು, ಬೀಳುತ್ತಿದ್ದರು. ಅತ್ತೆ ಕಿಟಕಿಗೆ ಮೂಗು ಒತ್ತಿ ಕೂತು "ಅಯ್ಯೋ, ಅಲ್ನೋಡೇ, ಆ ಕೆಂಪು ಕೋಟಿನವಳು ಎದ್ದು ನಗ್ತಿದಾಳೆ!" ಎಂದು ಮಗುವಿನ ಹಾಗೆ ಕೂಗಿದರು.

"ರೀ, ನೋಡಿದ್ರಾ?" ಎಂದೆ. ಉತ್ತರವಿಲ್ಲ. ಮತ್ತೆ ಕರೆದೆ. ಆಗಲೂ ಇಲ್ಲ.

ನಾದಿನಿ ಮುಂದಕ್ಕೆ ಬಾಗಿ ನೋಡಿ, ಬಾಯಿಯ ಮೇಲೆ ಬೆರಳಿಟ್ಟಳು. "ಅತ್ತಿಗೆ, ಅಣ್ಣ ನಿದ್ದೆ ಹೋಗಿದಾನೆ."

ಅತ್ತೆ ಬೆಟ್ಟವನ್ನೂ ಬಿಟ್ಟು ಮಗನ ಕಡೆ ತಿರುಗಿದರು. "ಕಾರಲ್ಲಾ?" ಎಂದು ಪಿಸುಗುಟ್ಟಿದರು. "ಕೂಸಾಗಿದ್ದಾಗಿಂದ ಇವನು ಓಡೋ ಗಾಡೀಲಿ ಕಣ್ಣು ಮುಚ್ಚಿದ್ದು ನಾನು ಕಂಡಿಲ್ಲ. ನನ್ನ ತೊಡೆ ಮೇಲಿದ್ರೂ ಪಿಳಿಪಿಳಿ ನೋಡ್ತಾನೇ ಇರ್ತಿದ್ದ."

ನಾನು ಅರೆಕ್ಷಣ ಕಣ್ಣು ಹಾಯಿಸಿದೆ. ತಲೆ ಕಿಟಕಿಗೆ ವಾಲಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಎರಡೂ ಕಾಲು ಸಡಿಲವಾಗಿ ಮುಂದಕ್ಕೆ ಚಾಚಿಕೊಂಡಿದ್ದವು, ಅಲ್ಲಾಡುತ್ತಿರಲಿಲ್ಲ. ನನಗೆ ಆದ ಸಂತೋಷ ಇಷ್ಟು ಅಷ್ಟು ಎಂದು ಹೇಳಲಾರೆ. ಎಬ್ಬಿಸಿ ಬೆಟ್ಟ ತೋರಿಸಬೇಕು ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಮುಂದೆ ಇನ್ನೊಂದು ತಿರುವು ಬರುತ್ತಿತ್ತು. ಅವರ ತಲೆ ಗಾಜಿಗೆ ಬಡಿಯದಿರಲಿ ಎಂದು ಗೇರ್ ಇಳಿಸಿ, ಬಹಳ ನಿಧಾನವಾಗಿ ತಿರುಗಿಸಿದೆ.